ಸಹಾಯ ಬೇಕು: ಅಪ್ಪನ ಬಿಪಿ ಮಾತ್ರೆ, ಏರಿದ ಪೊಟ್ಯಾಸಿಯಂ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು, ಮನೆಯಲ್ಲಿ ಕಿಡ್ನಿ ತೊಂದರೆ ಇದ್ದು ಬಿಪಿ ಮಾತ್ರೆ ತಗೊಳ್ಳುವವರಿದ್ದರೆ ಸ್ವಲ್ಪ ಹೇಳಿ.

ಅಪ್ಪನಿಗೆ ಶುಗರ್ ಹಳೇದು. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಅಂತ ಮಂಗಳೂರಿನ ಡಾಕ್ಟರು ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ಶುರು ಮಾಡಿದರು. ಆಗ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಸ) 1.6, ಈಗ 1.9. ಮಾತ್ರೆಯೇ ಕಿಡ್ನಿ ಹಾಳು ಮಾಡ್ತಿದೆ, ನಿಲ್ಲಿಸಿ ಅಂತ ಮನೆಯಲ್ಲಿ ಒಂದೇ ಗಲಾಟೆ. ನಾನು ಬಿಟ್ಟಿಲ್ಲ. ಈ ಮಾತ್ರೆ ಕಿಡ್ನಿಯ ಸೋಸುವ ಜಾಗದ ಒಳಗಿನ ಒತ್ತಡ ಇಳಿಸುತ್ತೆ, ಅದಕ್ಕೇ ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಶೇ. 30ರ ಒಳಗಿದ್ದರೆ ಸಾಮಾನ್ಯವಾಗಿ ಮುಂದುವರಿಸ್ತಾರೆ.

ನನ್ನ ತಲೆಬಿಸಿ ಪೊಟ್ಯಾಸಿಯಂದು. 5.4 ಬಂದಿದೆ. ಈ ಮಾತ್ರೆಯಿಂದಲೂ ಅದು ಏರುತ್ತೆ, ಅದರ ಮೇಲೆ ತೋಟಕ್ಕೆ ಹೋದಾಗೆಲ್ಲ ಅಪ್ಪ ಬೊಂಡ (ಎಳನೀರು) ಕುಡೀತಾರೆ, ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಬಿಪಿಗೆ ಒಳ್ಳೇದು ಅಂತ ಮಾವ ತಂದ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್! ಅದನ್ನು ಎತ್ತಿಟ್ಟೆ. ಮಂಡಿ ನೋವಿಗೆ ಮೆಡಿಕಲ್‌ನವರು ಸುಮ್ನೆ ಕೊಡ್ತಿದ್ದ ಡೈಕ್ಲೋಫೆನಾಕ್ ಕೂಡ ನಿಲ್ಲಿಸಿದ್ದೇನೆ, ಕಿಡ್ನಿಗೆ ಅದೇ ಜಾಸ್ತಿ ಅಪಾಯ ಅಲ್ವಾ.

ರಿಪೋರ್ಟನ್ನು ಡಾಕ್ಟರಿಗೆ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ನಿಮ್ಮಲ್ಲಿ ಹೀಗಾದಾಗ ಡೋಸ್ ಇಳಿಸಿದರಾ, ಪೊಟ್ಯಾಸಿಯಂ ಇಳಿಸೋಕೆ ಬೇರೆ ಔಷಧಿ ಕೊಟ್ಟರಾ? ಮತ್ತೆ, ಮನೆಗೇ ಬಂದು ರಕ್ತ ತಗೊಂಡು ಅದೇ ದಿನ ರಿಪೋರ್ಟ್ ಕೊಡುವ ಲ್ಯಾಬ್ ಬದಿಯಡ್ಕದ ಹತ್ರ ಯಾವುದಾದರೂ ಇದೆಯಾ?