ಜಿಲ್ಲಾ ಗ್ಯಾಲರಿಯಲ್ಲಿ ಗುಂಪು ಪ್ರದರ್ಶನ: ಮಾಡಿದವರು ಅನುಭವ ಹೇಳಿ

ಬಣ್ಣದ ಡಬ್ಬಿ, ಶಿವಮೊಗ್ಗ
ನಮಸ್ಕಾರ. ನಾವು ಆರು ಜನ, ಭಾನುವಾರ ಒಟ್ಟಿಗೆ ಕೂತು ಚಿತ್ರ ಬರೆಯುವವರು. ಇಬ್ಬರು ಟೀಚರ್, ಒಬ್ಬರು ಬ್ಯಾಂಕಿನವರು, ಉಳಿದವರು ಗೃಹಿಣಿಯರು. ಜುಲೈನಲ್ಲಿ ನಮ್ಮೂರ ಗ್ಯಾಲರಿ ಖಾಲಿ ಇದೆಯಂತೆ. ಮೂರು ದಿನಕ್ಕೆ ತೆಗೆದುಕೊಳ್ಳುವುದಾ, ಐದು ದಿನಕ್ಕಾ? ಎಲ್ಲರದೂ ಸೇರಿ ಕೈಯಲ್ಲಿರುವುದು 30,000. ಹೆಚ್ಚಿನವು ಕಾಗದದ ಮೇಲಿನ ಜಲವರ್ಣ.

ಕರಾವಳಿ ಕುಂಚ
ಜುಲೈ ಅಂದ್ರಾ? ಮೊದಲು ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ನಾವು ಐವರು ಆಗಸ್ಟ್ ಮೊದಲ ವಾರ ಮಾಡಿದೆವು. ನನ್ನವು 14 ಚಿತ್ರ. ಫ್ರೇಮ್, ಗಾಜು, ಮೌಂಟ್ ಬೋರ್ಡ್ (ಚಿತ್ರದ ಸುತ್ತ ಹಾಕುವ ರಟ್ಟು) ಸೇರಿ ಒಂದಕ್ಕೆ 1,150. ಅಲ್ಲಿಗೆ 16,100. ಅಂಗಡಿಯವನು ಹಿಂದೆ ಅಗ್ಗದ ರಟ್ಟು ಹಾಕಿ, ಕಾಗದವನ್ನು ಗಾಜಿಗೇ ಒತ್ತಿ ಕೂರಿಸಿದ್ದ. ಹತ್ತು ದಿನಕ್ಕೆ ಆಕಾಶದಲ್ಲಿ ಕಂದು ಚುಕ್ಕಿಗಳು. ಹಕ್ಕಿ ಅಂದುಕೊಂಡೆ. ನಾನು ಹಕ್ಕಿ ಬರೆದೇ ಇರಲಿಲ್ಲ. ಮಳೆಗಾಲದ ತೇವಕ್ಕೆ ಬೂಷ್ಟು! ನಾಲ್ಕು ಚಿತ್ರ ಹಾಳಾದವು. ಉಳಿದವನ್ನು ಬಿಚ್ಚಿಸಿ, ದಪ್ಪ ಮೌಂಟ್ ಹಾಕಿಸಿ, ಗಾಜಿಗೂ ಕಾಗದಕ್ಕೂ ನಡುವೆ ಸಂದು ಬಿಡಿಸಿದ್ದಕ್ಕೆ ಮತ್ತೆ 1,800.

ಇನ್ನು ಉದ್ಘಾಟನೆ. ಶಾಲು ಎರಡು, ಹಾರ ಮೂರು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅತಿಥಿಗಳ ಕಾರಿನ ಬಾಡಿಗೆ: 9,400. ಹತ್ತೂವರೆಗೆ ಬರಬೇಕಾದವರು ಹನ್ನೆರಡಕ್ಕೆ ಬಂದರು. ಚಿತ್ರಗಳಿಗೆ ಬೆನ್ನು ಹಾಕಿ ನಿಂತು ನಲವತ್ತು ನಿಮಿಷ ಮಾತಾಡಿದರು. ಫೋಟೋ ತೆಗೆಸಿಕೊಂಡು ಹೊರಟರು.

ಮಾರಾಟ ಒಂದು. ತೆಗೆದುಕೊಂಡದ್ದು ನನ್ನ ಭಾವ. ದುಡ್ಡು ಇನ್ನೂ ಬಂದಿಲ್ಲ.

ಧಾರವಾಡ ಕ್ಯಾನ್ವಾಸ್
ಅತಿಥಿ ಯಾಕ್ರೀ ಬೇಕು? ನಮ್ಮ ಪ್ರದರ್ಶನದಲ್ಲಿ ದೀಪ ಹಚ್ಚಿದ್ದು ಹಾಲ್ ಕಾಯುವ ಅಜ್ಜ. ಬೆಂಕಿಪೊಟ್ಟಣವೂ ಅವರದೇ. ಖರ್ಚು ಸೊನ್ನೆ. ನಾನು ಅಕ್ರಿಲಿಕ್‌ನವನು, ಗಾಜಿನ ತಂಟೆಯೇ ಇಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಅಂದರು, ಮೇಲಿನ ಕಂಬಿಗೆ ಮೀನಿನ ಗಾಳದ ದಾರ ಕಟ್ಟಿ ಇಳಿಬಿಟ್ಟೆ. ಒಂದು ಉಂಡೆ 120 ರೂಪಾಯಿ. ಗಂಟು ಮಾತ್ರ ಎರಡು ಸಲ ಹಾಕಬೇಕು, ಜಾರುತ್ತದೆ. ನನ್ನ ದೊಡ್ಡ ಕ್ಯಾನ್ವಾಸ್ ರಾತ್ರಿ ಬಿದ್ದು ಮೂಲೆ ಜಜ್ಜಿಹೋಯಿತು.

23 ಚಿತ್ರಗಳಲ್ಲಿ 9 ಮಾರಾಟವಾದವು. 800ರಿಂದ 2,500ರ ತನಕ. ಮಾರಾಟವಾದದ್ದಕ್ಕೆ ಅಂಟಿಸುವ ಕೆಂಪು ಚುಕ್ಕಿ ಸ್ಟಿಕರ್ ಸಾಲದೆ ನನ್ನ ಹೆಂಡತಿಯ ಬಿಂದಿ ಅಂಟಿಸಿದೆವು.

ಕಾವಾ ಹಳೇ ವಿದ್ಯಾರ್ಥಿ
800 ರೂಪಾಯಿಗೆ ಚಿತ್ರ! ನೀವು ಮಾರಿದ್ದು ಕ್ಯಾಲೆಂಡರ್ ಸ್ವಾಮಿ. ಇದರಿಂದಲೇ ನಮ್ಮ ಹೊಟ್ಟೆಗೆ ಹೊಡೆತ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಐದು ವರ್ಷ ಓದಿದ್ದೇನೆ. ಒಂದು ವಾರದ ಹಾಲ್‌ಗೆ ಎಂಟು ತಿಂಗಳು ಕಾದೆ. ವಿಚಾರಿಸಿದರೆ ಹೆಚ್ಚಿನ ದಿನಗಳನ್ನು ಹವ್ಯಾಸಿ ಗುಂಪುಗಳೇ ಹಿಡಿದುಕೊಂಡಿದ್ದವು. ಕೊನೆಗೆ ಮೈಸೂರಿನಿಂದ ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ಗಾಡಿಗೆ 7,500, ಇಳಿಸಿ ಏರಿಸಲು ಇಬ್ಬರಿಗೆ 1,600, ಬಬಲ್ ಹಾಳೆ 900. ದಾರಿಯಲ್ಲಿ ಒಂದು ಹಲಗೆ ಸೀಳಿತು. ಮಾರಾಟ ಇಲ್ಲ. ಹೋಗಲಿ ಬಿಡಿ. ಆದರೆ ಮೊಬೈಲ್‌ನಲ್ಲಿ ಸಿಕ್ಕಿದ ಫೋಟೋ ನೋಡಿ ನಕಲು ಮಾಡಿದ್ದನ್ನೆಲ್ಲ ಗೋಡೆಗೆ ಹಾಕಿದರೆ ಅದು ಪ್ರದರ್ಶನವಾ?

ಚಿನ್ನದ ರೇಕು
ನಕಲು ಅಂದ್ರೆ ಏನು ಅಂತ ಹೇಳಿ. ನಾನು ಮೈಸೂರು ಶೈಲಿ ಮಾಡುವವಳು. ನಮ್ಮ ರಾಮ ಪಟ್ಟಾಭಿಷೇಕ ಗುರುಗಳ ಗೆರೆಯಂತೆಯೇ ಇರಬೇಕು. ಅದೂ ನಕಲಾ? ಸಫೇದ ಅನ್ನುವ ಬಿಳಿ ಪುಡಿ, ಗೋಂದು ಕಲಸಿ, ಕೂದಲೆಳೆಯಷ್ಟು ಎತ್ತರಕ್ಕೆ ಒಡವೆ ಎಬ್ಬಿಸಿ, ಒಣಗಲು ಕಾದು, ಮೇಲೆ ರೇಕು, ಅಂದರೆ ಚಿನ್ನದ ತೆಳು ಹಾಳೆ, ಕೂರಿಸಿ ನೋಡಿ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಫ್ಯಾನ್ ಹಾಕಿದರೆ ರೇಕು ಹಾರುತ್ತದೆ. ಕಳೆದ ವರ್ಷ 3,200 ರೂಪಾಯಿಯ ರೇಕು ಹಾಳಾಯಿತು. ಇಷ್ಟಾದ ಮೇಲೆ ಬಂದವರು "ಇದು ತಂಜಾವೂರಾ?" ಅಂತಾರೆ. ತಂಜಾವೂರಿನದು ದಪ್ಪ ಉಬ್ಬು, ಕಲ್ಲು ಕೂರಿಸುತ್ತಾರೆ. ನಮ್ಮದು ತೆಳು. ಕಣ್ಣಿದ್ದವರಿಗೆ ಗೊತ್ತಾಗುತ್ತದೆ.

ಕಾವಾ ಹಳೇ ವಿದ್ಯಾರ್ಥಿ
ನಾನು ಮೈಸೂರು ಶೈಲಿಯ ಮಾತೇ ಎತ್ತಲಿಲ್ಲ ಅಮ್ಮಾ.

ಚಿನ್ನದ ರೇಕು
ಅಮ್ಮಾ ಅನ್ನಬೇಡಿ. ನನಗೆ 41.

ಧಾರವಾಡ ಕ್ಯಾನ್ವಾಸ್
ಕ್ಯಾಲೆಂಡರ್ ಅಂದವರಿಗೆ: 2016ರಲ್ಲಿ ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಗ್ಯಾಲರಿ ಖಾಸಗಿಯವರ ಕೈಗೆ ಹೋಗುತ್ತದೆ ಅಂದಾಗ ನಿಮ್ಮಂಥ ಕಲಾವಿದರೇ ಅಲ್ವಾ ಬೀದಿಗೆ ಇಳಿದದ್ದು? ಆಗ ಅದು ಜನರ ಜಾಗ. ಈಗ ಜನ ಬಂದರೆ ಮುಖ ಸಿಂಡರಿಸುತ್ತೀರಿ. ನಮ್ಮದು ಕಲಾವಿದ ಹಾಲಭಾವಿಯವರು ಚಿತ್ರಶಾಲೆ ಕಟ್ಟಿದ ಊರು. ಇಲ್ಲಿ ಡಿಗ್ರಿ ಕೇಳಿ ಬಾಗಿಲು ತೆಗೆಯುವುದಿಲ್ಲ.

ಕಾವಾ ಹಳೇ ವಿದ್ಯಾರ್ಥಿ
ಡಿಗ್ರಿ ಕೇಳಲಿಲ್ಲ. ಬೆಲೆ ಇಳಿಸಬೇಡಿ ಅಂದೆ. ಒಮ್ಮೆ ಓದಿ ನೋಡಿ.

ರಸ್ತೆಬದಿ
ಇಷ್ಟು ಜಗಳ ಯಾಕೆ? ಬೆಂಗಳೂರಿನ ಚಿತ್ರಸಂತೆಗೆ ಬನ್ನಿ. 2003ರಿಂದ ನಡೆಯುತ್ತಿದೆ. ಜನವರಿಯಲ್ಲಿ ಒಂದು ಭಾನುವಾರ, ಕುಮಾರಕೃಪಾ ರಸ್ತೆಯೇ ಗ್ಯಾಲರಿ. ಉದ್ಘಾಟನೆಯ ಖರ್ಚಿಲ್ಲ, ಹಾರ ತುರಾಯಿ ಇಲ್ಲ. ನಾನು ಮೂರು ಮಾರಿದೆ. ನಾಲ್ಕನೆಯದರ ಮೇಲೆ ಒಂದು ಮಗು ಐಸ್‌ಕ್ರೀಂ ಬೀಳಿಸಿತು. ಅದರಪ್ಪ ಸುಮ್ನೆ ಒರೆಸಿ ಹೋದ. ಒರೆಸಿದ್ದರಿಂದಲೇ ಬಣ್ಣ ಹೋದದ್ದು.

ಬಣ್ಣದ ಡಬ್ಬಿ, ಶಿವಮೊಗ್ಗ
ಎಲ್ಲರಿಗೂ ಥ್ಯಾಂಕ್ಸ್. ಜುಲೈ ಬಿಟ್ಟೆವು, ನವೆಂಬರ್‌ಗೆ ಕೇಳಿದ್ದೇವೆ. ಮೂರು ದಿನವಾ, ಐದಾ?

ಕರಾವಳಿ ಕುಂಚ
ಐದು ಅನ್ನುವವರು ನಾಲ್ಕನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಹಾಲ್‌ನಲ್ಲಿ ಕೂತು ನೋಡಬೇಕು. ಪಾಳಿ ಅಂತ ಮಾಡಿಕೊಂಡಿದ್ದೆವು. ಒಬ್ಬರಿಗೆ ಮದುವೆ ಬಂತು, ಇನ್ನೊಬ್ಬರಿಗೆ ಜ್ವರ. ಕೊನೆಗೆ ನಾನೊಬ್ಬನೇ. ಅಭಿಪ್ರಾಯದ ಪುಸ್ತಕ ಎಣಿಸುತ್ತಾ ಕೂತೆ. "ಚೆನ್ನಾಗಿದೆ" 61 ಸಲ. ಒಂದು ಕಡೆ "ಫ್ಯಾನ್ ರಿಪೇರಿ ಮಾಡಿಸಿ". ಚಹಾದ ಫ್ಲಾಸ್ಕ್ ಕಳೆದದ್ದು 650, ಅದನ್ನು ಯಾರೂ ಹಂಚಿಕೊಳ್ಳಲಿಲ್ಲ.

ಚಿನ್ನದ ರೇಕು
ಫ್ಲಾಸ್ಕ್ ನಿಮ್ಮ ಪಾಳಿಯಲ್ಲಿ ಹೋಗಿದ್ದರೆ ಯಾರು ಹಂಚಿಕೊಳ್ಳುತ್ತಾರೆ?

ಕರಾವಳಿ ಕುಂಚ
ಮದುವೆಗೆ ಹೋದವರ ಪಾಳಿ ಅದು! ನಾನು ಬದಲಿಗೆ ಕೂತಿದ್ದೆ ಅಷ್ಟೆ.

ಧಾರವಾಡ ಕ್ಯಾನ್ವಾಸ್
ಅದಿರಲಿ, ಭಾವ ದುಡ್ಡು ಕೊಟ್ಟರಾ?

ಕರಾವಳಿ ಕುಂಚ
ದೀಪಾವಳಿಗೆ ಅಂದಿದ್ದಾರೆ. ಯಾವ ದೀಪಾವಳಿ ಅಂತ ಹೇಳಿಲ್ಲ.