ಸಹಾಯ ಬೇಕು: ಬೀಡಿ ಬಿಡಲು ಒಪ್ಪಿರುವ ಮಾವನವರಿಗೆ ದಾರಿ ತಿಳಿಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ನಲವತ್ತು ವರ್ಷಗಳಿಂದ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ಜಗಲಿಯಲ್ಲಿ ಕುಳಿತು ಸೇದಿದರೂ ಹೊಗೆ ಕಿಟಕಿಯಿಂದ ತೊಟ್ಟಿಲಿನವರೆಗೆ ಬರುತ್ತದೆ. ಅವರು ಎತ್ತಿ ಆಡಿಸಿದ ಮೇಲೆ ಮಗುವಿನ ಕುಲಾವಿಯಲ್ಲೂ ಅದೇ ವಾಸನೆ. ಎಂಟು ತಿಂಗಳ ಕೂಸಿಗೆ ಈ ಮಳೆಗಾಲದಲ್ಲೇ ಮೂರು ಬಾರಿ ಉಬ್ಬಸ ಬಂದಿದೆ. ತಂಬಾಕಿನ ಹೊಗೆಯಲ್ಲಿರುವ 7,000ಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕವೆಂದೂ, ಪಕ್ಕದಲ್ಲಿ ಕುಳಿತು ಉಸಿರಾಡುವವರಿಗೂ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದೂ ಮಕ್ಕಳ ವೈದ್ಯರು ತಿಳಿಸಿದರು.

ಮೊಮ್ಮಗಳೆಂದರೆ ಮಾವನವರಿಗೆ ಪ್ರಾಣ. ಎರಡು ಬಾರಿ ಬಿಟ್ಟೂ ನೋಡಿದರು, ಆದರೆ ಮೂರನೆಯ ದಿನಕ್ಕೆ ಸಿಡುಕು, ನಿದ್ದೆಗೇಡು ತಾಳಲಾರದೆ ಮತ್ತೆ ಹಚ್ಚಿದರು. ಕಟ್ಟಿಸಿದ ಹಲ್ಲಿರುವುದರಿಂದ ಬೀಡಿಯ ಚಪಲ ತಗ್ಗಿಸುವ ನಿಕೋಟಿನ್ ಗಮ್ ಅಗಿಯಲಾಗದು. ವೈದ್ಯರ ಸಲಹೆಯಂತೆ ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಬಳಸಿದವರು, ಅಥವಾ ತಂಬಾಕು ಬಿಡಲು ನೆರವಾಗುವ 1800-11-2356 ಸಹಾಯವಾಣಿಗೆ ಕರೆ ಮಾಡಿ ಬೀಡಿ ಬಿಟ್ಟವರು ಇದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಿ.