ಹಳೆಯ ವೀ ಯು ತೆಗೆದುಕೊಳ್ಳಬಹುದೇ? ಬಳಸಿದ ಮನೆಗಳ ಅನುಭವ

ಕೇಳಿದವರು, ಮಂಡ್ಯದಿಂದ

ನಮ್ಮ ಸಂಬಂಧಿಕರೊಬ್ಬರು ಇಂಗ್ಲೆಂಡಿನಿಂದ ಸಂಸಾರಸಮೇತ ಊರಿಗೆ ಮರಳಿದ್ದಾರೆ. ಅಲ್ಲಿ ಬಳಸುತ್ತಿದ್ದ ನಿಂಟೆಂಡೊ ವೀ ಯು ಕನ್ಸೋಲನ್ನು (ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ) ಏಳೆಂಟು ಡಿಸ್ಕುಗಳ ಸಮೇತ 9,000 ರೂಪಾಯಿಗೆ ಕೊಡುವುದಾಗಿ ಹೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ 10 ವರ್ಷದ ಮಗಳು, 6 ವರ್ಷದ ಮಗ ಮತ್ತು 68 ವರ್ಷದ ನನ್ನ ಅತ್ತೆ ಇದ್ದಾರೆ. ವಿಚಾರಿಸಿದ ಕಡೆಯಲ್ಲೆಲ್ಲ ‘ಅದು ಸೋತ ಯಂತ್ರ, ಆನ್‌ಲೈನ್ ಸಹ ನಿಂತುಹೋಗಿದೆ, ಬೇಡ’ ಎಂಬ ಮಾತೇ ಬಂತು. ಬಳಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರು, ಕುವೆಂಪುನಗರದಿಂದ

ಖಂಡಿತ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ವೀ ಯು 2017ರ ಬೇಸಿಗೆ ರಜೆಯಿಂದ ಇದೆ. ಆಗ 5 ವರ್ಷದವನಾಗಿದ್ದ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಆದರೂ ರಜೆಗೆ ದೊಡ್ಡಪ್ಪನ ಮಕ್ಕಳು ಬಂದರೆ ಮೊದಲು ಹೊರಬರುವುದು ಅದೇ.

ನಿಮಗೆ ಬೇಡವೆಂದವರು ಹೇಳಿದ್ದು ಲೆಕ್ಕದ ಮಟ್ಟಿಗೆ ನಿಜ. 2012ರ ನವೆಂಬರಿನಲ್ಲಿ ಬಂದ ವೀ ಯು ಒಟ್ಟು ಸುಮಾರು 1 ಕೋಟಿ 35 ಲಕ್ಷ ಮಾತ್ರ ಮಾರಾಟವಾಯಿತು. ಅದರ ಹಿಂದಿನ ವೀ 10 ಕೋಟಿ ದಾಟಿತ್ತು. ಹೆಸರು ಕೇಳಿದ ಬಹಳ ಜನ ಇದನ್ನು ಹಳೆಯ ವೀಗೆ ಜೋಡಿಸುವ ಯಾವುದೋ ಉಪಕರಣವೆಂದು ತಿಳಿದರು, ಬೇರೆ ಕಂಪನಿಗಳು ಇದಕ್ಕೆ ಆಟ ಮಾಡುವುದನ್ನು ಬೇಗನೆ ಕಡಿಮೆ ಮಾಡಿದವು, 2017ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಆದರೆ ಆಟಗಳ ಗುಣಕ್ಕೂ ಈ ಸೋಲಿಗೂ ಸಂಬಂಧವಿಲ್ಲ ಎಂಬುದಕ್ಕೆ ಮಾರಿಯೋ ಕಾರ್ಟ್ 8 ಒಂದೇ ಸಾಕು. ವೀ ಯುನಲ್ಲಿ ಅದು 85 ಲಕ್ಷ ಪ್ರತಿಗಳನ್ನೂ ಮುಟ್ಟಲಿಲ್ಲ. ಅದೇ ಆಟ ಕೆಲವು ಸೇರ್ಪಡೆಗಳೊಂದಿಗೆ 2017ರಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲಾದ ಸ್ವಿಚ್‌ಗೆ ಬಂದಾಗ 6 ಕೋಟಿ ಮೀರಿ, ಆ ಯಂತ್ರದ ಎಲ್ಲ ಆಟಗಳಿಗಿಂತ ಹೆಚ್ಚು ಮಾರಾಟವಾಯಿತು. ಅಂಥ ಆಟ ನಿಮ್ಮ ಸಂಬಂಧಿಕರ ಡಿಸ್ಕುಗಳ ನಡುವೆಯೇ ಇರಬಹುದು, ನೋಡಿ.

ಈ ಯಂತ್ರದ ಜೀವಾಳ ಅದರ ಗೇಮ್‌ಪ್ಯಾಡ್. ಮಧ್ಯದಲ್ಲಿ 6.2 ಇಂಚಿನ ಟಚ್‌ಸ್ಕ್ರೀನ್ ಇರುವ ದೊಡ್ಡ ಕಂಟ್ರೋಲರ್ ಅದು. ಟಿವಿಯ ಮುಂದೆ ನಾಲ್ಕು ಜನ ಸಾಮಾನ್ಯ ರಿಮೋಟ್ ಹಿಡಿದು ಆಡುತ್ತಿರುವಾಗ ಐದನೆಯವರು ಗೇಮ್‌ಪ್ಯಾಡ್ ಹಿಡಿದು ಅದೇ ಆಟದಲ್ಲಿ ಬೇರೆಯದೇ ಪಾತ್ರ ವಹಿಸಬಹುದು. ವಯಸ್ಸು, ಕೈಚಳಕ, ಅಭ್ಯಾಸ ಇವೆಲ್ಲ ಒಂದೇ ಮಟ್ಟದಲ್ಲಿರದ ಮನೆಗೆ ಇದರಿಂದ ಎಷ್ಟು ಉಪಯೋಗವೆಂದು ನನಗೆ ಗೊತ್ತಾದದ್ದು ನನ್ನ ಅಮ್ಮನಿಂದ. ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ಯು ಎಂಬ ಆಟದಲ್ಲಿ ಬೂಸ್ಟ್ ಮೋಡ್ ಎಂಬುದಿದೆ. ಗೇಮ್‌ಪ್ಯಾಡ್ ಹಿಡಿದವರು ಪರದೆಯನ್ನು ಮುಟ್ಟಿದ ಕಡೆ ಗಾಳಿಯಲ್ಲಿ ಒಂದು ಹಲಗೆ ಮೂಡುತ್ತದೆ, ಶತ್ರುವಿನ ಮೇಲೆ ಮುಟ್ಟಿದರೆ ಅದು ಕ್ಷಣಹೊತ್ತು ಸ್ತಬ್ಧವಾಗುತ್ತದೆ. ಅಮ್ಮನಿಗೆ ಆಗ 66 ವರ್ಷ, ಫೋನಿನಲ್ಲಿ ವಾಟ್ಸ್ಆ್ಯಪ್ ಬಿಟ್ಟರೆ ಬೇರೇನನ್ನೂ ಮುಟ್ಟಿದವರಲ್ಲ. ಮೊಮ್ಮಗ ಹಳ್ಳಕ್ಕೆ ಬೀಳುವ ಮೊದಲು ಅವನ ಕಾಲಡಿಗೆ ಹಲಗೆ ಇಡುವುದು ಅವರ ಕೆಲಸವಾಯಿತು. ‘ನಿಲ್ಲು, ನಾನು ಇಟ್ಟ ಮೇಲೆ ಹಾರು’ ಎಂದು ಅವರು ಹೇಳುವುದು, ಅವನು ತಾಳ್ಮೆಗೆಟ್ಟು ಹಾರಿ ಬೀಳುವುದು, ಮರುಸಲ ಅಜ್ಜಿಯ ಮಾತಿಗೆ ಕಾಯುವುದು, ಇದೆಲ್ಲ ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ಸಂಭಾಷಣೆ. ಮೊಬೈಲಿನಲ್ಲಿ ಒಬ್ಬನೇ ಕೂತು ಆಡುತ್ತಿದ್ದ ಹುಡುಗನ ಬಾಯಿಂದ ಅದುವರೆಗೆ ಅಷ್ಟು ಮಾತು ಬಂದಿರಲಿಲ್ಲ.

ಇನ್ನೊಂದು, ನಿಂಟೆಂಡೊ ಲ್ಯಾಂಡ್. ಅದರಲ್ಲಿ 12 ಆಟಗಳಿವೆ. ಮಾರಿಯೋ ಚೇಸ್ ಎಂಬುದು ನಮ್ಮ ಕಣ್ಣಾಮುಚ್ಚಾಲೆ ಮತ್ತು ಮುಟ್ಟಾಟ ಸೇರಿದಂತಿದೆ. ಗೇಮ್‌ಪ್ಯಾಡ್ ಹಿಡಿದವರು ಓಡಬೇಕು, ಅವರ ಪರದೆಯಲ್ಲಿ ಎಲ್ಲರ ಜಾಗವೂ ನಕ್ಷೆಯಲ್ಲಿ ಕಾಣುತ್ತದೆ. ಬೆನ್ನಟ್ಟುವ ನಾಲ್ವರಿಗೆ ಆ ನಕ್ಷೆ ಇಲ್ಲದ ಕಾರಣ ‘ಹಳದಿ ಕಡೆ ಹೋದ’, ‘ನೀನು ಆ ಕಡೆಯಿಂದ ಬಾ’ ಎಂದು ಕೂಗಿ ಹೇಳಿಕೊಳ್ಳದೆ ಹಿಡಿಯಲಾಗದು. ದಸರಾ ರಜೆಯಲ್ಲಿ ಒಂಬತ್ತು ಮಕ್ಕಳು ನಮ್ಮ ಹಾಲಿನಲ್ಲಿ ಸರದಿ ಪ್ರಕಾರ ಇದನ್ನು ಆಡಿದ್ದನ್ನು ನೋಡಿದ್ದೇನೆ. ಚೌಕಾಬಾರದ ಮಣೆಯ ಸುತ್ತ ಕವಡೆ ಹಿಡಿದು ಕೂತವರ ಹಿಂದೆ ಸಲಹೆ ಕೊಡಲು ನಾಲ್ಕು ಜನ ನಿಂತಿರುತ್ತಾರಲ್ಲ, ಹಾಗೆಯೇ ಇಲ್ಲಿಯೂ ಆಡದವರಿಗೂ ಕೆಲಸವಿತ್ತು.

ಈ ಊರಿನವರಿಗೆ ಇದನ್ನು ಹೇಳಬೇಕೆನಿಸುತ್ತದೆ: ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಹನಾಫುದ ಎಂಬ ಹೂವಿನ ಚಿತ್ರದ, ಇಸ್ಪೀಟಿನಂಥ ಆಟದ ಎಲೆಗಳನ್ನು ತಯಾರಿಸಲು ಆರಂಭವಾದ ಸಂಸ್ಥೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳನ್ನೂ, ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಕ್ರೀಡಾ ಕೌಶಲ್ಯ ಪ್ರದರ್ಶನದಲ್ಲಿ ಬರುವ ಪಗಡೆ ಹಾಸು, ಅಳಗುಳಿಮಣೆಗಳನ್ನೂ ಕಂಡ ಮೈಸೂರಿನವರಿಗೆ, ಎಲೆಯಾಟದಿಂದ ಬೆಳೆದ ಸಂಸ್ಥೆ ಎಲ್ಲರೂ ಸುತ್ತ ಕೂತು ಆಡುವುದನ್ನು ಮರೆಯದಿರುವುದು ಸಹಜವಾಗಿಯೇ ಕಾಣುತ್ತದೆ.

ಸಂಜೆಯ ಧಾರಾವಾಹಿಯ ಸಮಸ್ಯೆಯೂ ಇದರಿಂದ ತೀರಿತು. ಎಲ್ಲ ಆಟಗಳಿಗೂ ಅಲ್ಲದಿದ್ದರೂ ಬಹಳಷ್ಟಕ್ಕೆ ಟಿವಿ ಬೇಕಿಲ್ಲ. ಚಿತ್ರ ಗೇಮ್‌ಪ್ಯಾಡಿನಲ್ಲೇ ಬರುತ್ತದೆ. ಅಮ್ಮ ಧಾರಾವಾಹಿ ನೋಡುವಾಗ ಮಗ ಪಕ್ಕದಲ್ಲೇ ಕ್ಯಾಪ್ಟನ್ ಟೋಡ್ ಆಡುತ್ತಿದ್ದ. ಅದರ ಒಂದೊಂದು ಹಂತವೂ ಗೊಂಬೆ ಕೂರಿಸಿದ ಪುಟ್ಟ ತೊಟ್ಟಿಯಂತಿದ್ದು, ಸುತ್ತ ತಿರುಗಿಸಿ ನೋಡಿ ದಾರಿ ಹುಡುಕಬೇಕು. ಅದರ ನಾಯಕನಿಗೆ ಹಾರಲು ಬಾರದು. ಆತುರದ ಮಕ್ಕಳಿಗೆ ನಾನು ಮೊದಲು ಸೂಚಿಸುವ ಆಟ ಇದು.

ಮದ್ದೂರಿನಿಂದ

ಮೇಲಿನವರ ಮಾತಿಗೆ ನನ್ನ ಸಮ್ಮತಿಯಿದೆ. ಕೊಳ್ಳುವ ಮೊದಲು ನೋಡಬೇಕಾದದ್ದನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ನಾನು ನೋಡದೆ ನಷ್ಟ ಅನುಭವಿಸಿದ್ದೇನೆ.

ನಾನು ಕೊಂಡದ್ದು ಅಮೆರಿಕದ ವೀ ಯು. ಅದರ ಅಡಾಪ್ಟರ್ 120 ವೋಲ್ಟಿನದು ಎಂದು ಮಾರಿದವರು ಹೇಳಲಿಲ್ಲ, ನಾನೂ ಹಿಂಬದಿಯ ಚೀಟಿ ಓದಲಿಲ್ಲ. ನಮ್ಮ 230 ವೋಲ್ಟಿಗೆ ಹಾಕಿದ ಕೂಡಲೇ ಅದು ಸುಟ್ಟುಹೋಯಿತು. ಪುಣ್ಯಕ್ಕೆ ಕನ್ಸೋಲ್ ಉಳಿಯಿತು. ಬೇರೆ ಅಡಾಪ್ಟರ್ ಮತ್ತು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರಿಸುವಷ್ಟರಲ್ಲಿ ಮಕ್ಕಳ ರಜೆಯೇ ಮುಗಿದಿತ್ತು. ನಿಮ್ಮದು ಇಂಗ್ಲೆಂಡಿನದಾದ್ದರಿಂದ ವೋಲ್ಟೇಜಿನ ಚಿಂತೆಯಿಲ್ಲ, ಪ್ಲಗ್ಗಿನ ಆಕಾರ ಬದಲಿಸುವ ಕನ್ವರ್ಟರ್ ಸಾಕು. ಆದರೆ ಈ ಯಂತ್ರಕ್ಕೆ ಪ್ರದೇಶದ ಕಟ್ಟು ಇದೆ: ಯುರೋಪಿನ ಕನ್ಸೋಲಿನಲ್ಲಿ ಅಮೆರಿಕದ ಅಥವಾ ಜಪಾನಿನ ಡಿಸ್ಕ್ ನಡೆಯುವುದಿಲ್ಲ. ಮುಂದೆ ಡಿಸ್ಕ್ ಕೊಳ್ಳುವಾಗ ಇದು ನೆನಪಿರಲಿ. ಯುರೋಪಿನ ಹಳೆಯ ವೀ ಡಿಸ್ಕುಗಳೂ ವೀ ರಿಮೋಟ್‌ಗಳೂ ಇದರಲ್ಲಿ ನಡೆಯುತ್ತವೆ ಎಂಬುದು ಲಾಭ.

ಗೇಮ್‌ಪ್ಯಾಡನ್ನು ಅರ್ಧ ಗಂಟೆಯಾದರೂ ಆಡಿ ನೋಡಿ. ಅದು ಕೆಟ್ಟರೆ ಸೆಟ್ಟಿಂಗ್‌ಗಳಿಗೂ ಹೋಗಲಾಗದು, ಬದಲಿ ಸಿಗುವುದು ಬಹಳ ಕಷ್ಟ. ಹೊಸದಿದ್ದಾಗಲೇ ಬ್ಯಾಟರಿ ಮೂರರಿಂದ ಐದು ಗಂಟೆ ಬರುತ್ತಿತ್ತು, ಈಗ ಕಡಿಮೆ ಬಂದರೆ ಗಾಬರಿಯಾಗಬೇಡಿ. ಬಹುಕಾಲ ಬಳಸದೆ ಇಟ್ಟ ಕೆಲವು ವೀ ಯುಗಳಲ್ಲಿ ಒಳಗಿನ ಮೆಮೊರಿ ಕೆಟ್ಟು 160-0103 ಎಂಬ ಸಂಖ್ಯೆ ಪರದೆಯ ಮೇಲೆ ಬರುವುದುಂಟು. ಅದು ಕಂಡರೆ ಹಣ ಕೊಡಬೇಡಿ. ನಮ್ಮ ಕಡೆ ಕರೆಂಟು ಹೋಗಿ ಬರುವುದರಿಂದ ನಾನು ಕನ್ಸೋಲನ್ನು ಚಿಕ್ಕ ಯುಪಿಎಸ್‌ಗೆ ಹಾಕಿದ್ದೇನೆ.

ಮೈಸೂರು, ಸರಸ್ವತಿಪುರಂನಿಂದ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮಲ್ಲಿ ವೀ ಯು, ಸ್ವಿಚ್ ಎರಡೂ ಇವೆ. ವೀ ಯುನ ಉತ್ತಮ ಆಟಗಳಲ್ಲಿ ಬಹುಪಾಲು ಸ್ವಿಚ್‌ಗೆ ಬಂದಿವೆ: ಕ್ಯಾಪ್ಟನ್ ಟೋಡ್ 2018ರಲ್ಲಿ, ಪಿಕ್ಮಿನ್ 3 2020ರಲ್ಲಿ, ಸೂಪರ್ ಮಾರಿಯೋ 3ಡಿ ವರ್ಲ್ಡ್ 2021ರಲ್ಲಿ. ಆಟಗಳನ್ನು ಡೌನ್‌ಲೋಡ್ ಮಾಡಿ ಕೊಳ್ಳುವ ವೀ ಯುನ ಇ-ಶಾಪ್ 2023ರ ಮಾರ್ಚಿನಲ್ಲಿ ಮುಚ್ಚಿತು, 2024ರ ಏಪ್ರಿಲಿನಲ್ಲಿ ಆನ್‌ಲೈನ್ ಆಟ ನಿಂತಿತು. ದೂರದ ಗೆಳೆಯರೊಂದಿಗೆ ಆಡಬೇಕೆನ್ನುವ ಹದಿಹರೆಯದವರಿದ್ದರೆ ಇದು ಸಾಲದು.

ನಿಮ್ಮ ಮಕ್ಕಳ ವಯಸ್ಸಿಗೆ ಮಾತ್ರ ಆನ್‌ಲೈನ್ ಇಲ್ಲದಿರುವುದು ನನಗೆ ಕೊರತೆಯಾಗಿ ಕಾಣುವುದಿಲ್ಲ. ಅಪರಿಚಿತರ ಸಂದೇಶವಿಲ್ಲ, ನಡುವೆ ಜಾಹೀರಾತಿಲ್ಲ, ಹಣ ಕೇಳುವ ಪೆಟ್ಟಿಗೆಯಿಲ್ಲ. ಡಿಸ್ಕ್ ಹಾಕಿದರೆ ಆಟ ಬರುತ್ತದೆ. ದಿನಕ್ಕೆ ಎಷ್ಟು ಹೊತ್ತು ಆಡಿದರೆಂದು ಡೈಲಿ ಲಾಗ್ ತೋರಿಸುತ್ತದೆ. ನಿಂಟೆಂಡೊ ಲ್ಯಾಂಡ್ ಮಾತ್ರ ಇಂದಿಗೂ ಬೇರೆ ಯಂತ್ರಕ್ಕೆ ಬಂದಿಲ್ಲ. ಅದೊಂದಕ್ಕಾಗಿ ನಾನು ವೀ ಯುವನ್ನು ಮಾರದೆ ಉಳಿಸಿಕೊಂಡಿದ್ದೇನೆ.

ಕೇಳಿದವರು, ಮಂಡ್ಯದಿಂದ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಹೋಗಿ ಆಡಿ ನೋಡಿದೆವು, ದೋಷಸಂಖ್ಯೆ ಬರಲಿಲ್ಲ, ಗೇಮ್‌ಪ್ಯಾಡ್ ಎರಡು ಗಂಟೆ ನಡೆಯಿತು. ಡಿಸ್ಕುಗಳಲ್ಲಿ ಮಾರಿಯೋ ಬ್ರದರ್ಸ್ ಯು ಮತ್ತು ನಿಂಟೆಂಡೊ ಲ್ಯಾಂಡ್ ಎರಡೂ ಇವೆ. ತೆಗೆದುಕೊಳ್ಳುತ್ತಿದ್ದೇವೆ. ಒಂದೇ ಪ್ರಶ್ನೆ: ಅತ್ತೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಟಿವಿಯಲ್ಲಿ ವೇಗವಾಗಿ ಓಡುವ ಚಿತ್ರ ನೋಡಿದರೆ ತಲೆ ಸುತ್ತುತ್ತದೆ ಎನ್ನುತ್ತಾರೆ. ಅವರಿಗೆ ಎಲ್ಲಿಂದ ಆರಂಭಿಸಲಿ?

ಮೈಸೂರು, ಕುವೆಂಪುನಗರದಿಂದ

ಮಾರಿಯೋ ಬ್ರದರ್ಸ್ ಯುನಲ್ಲಿ ಮೊದಲ ಲೋಕದ ಮೊದಲ ಹಂತವನ್ನು ಬೂಸ್ಟ್ ಮೋಡಿನಲ್ಲಿ ತೆರೆಯಿರಿ. ಟಿವಿಯಲ್ಲಿರುವ ಚಿತ್ರವೇ ಗೇಮ್‌ಪ್ಯಾಡಿನಲ್ಲೂ ಬರುತ್ತದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೈಲಸ್ ಕಡ್ಡಿಯಿಂದ ಮುಟ್ಟಲಿ, ಟಿವಿ ನೋಡುವ ಅಗತ್ಯವೇ ಇಲ್ಲ. ಚಿತ್ರ ಎಷ್ಟು ಬೇಗ ಸರಿಯಬೇಕೆಂಬುದು ಮಕ್ಕಳ ನಡಿಗೆಯ ಮೇಲೆ ನಿಂತಿರುವುದರಿಂದ ಮೊದಲ ದಿನ ನಿಧಾನವಾಗಿ ನಡೆಯಲು ಅವರಿಗೆ ಹೇಳಿಡಿ. ಚಿಕ್ಕವನಿಗೆ ಹೆದರಿಕೆಯಾದ ಕಡೆ ಅವನು ಗುಳ್ಳೆಯೊಳಗೆ ಸೇರಿ ತೇಲುತ್ತ ಬರಬಹುದು; ಅಕ್ಕ ಮುಂದೆ ಹೋಗಿ ಗುಳ್ಳೆಯನ್ನು ಮುಟ್ಟಿ ಒಡೆದರೆ ಮತ್ತೆ ಇಳಿಯುತ್ತಾನೆ. ಇಬ್ಬರೂ ಒಟ್ಟಿಗೆ ಗುಳ್ಳೆಯೊಳಗೆ ಹೋಗಬಾರದು, ಹಂತ ಮೊದಲಿನಿಂದ ಆಡಬೇಕಾಗುತ್ತದೆ. ಅಮ್ಮನನ್ನು ಕೇಳಿದೆ: ಕಾಲು ಗಂಟೆ ಆಡಿ ಎದ್ದುಬಿಡಬೇಕು, ಮಾರನೆಯ ದಿನ ಕೈಗೆ ತಾನಾಗಿ ಬರುತ್ತದೆ ಎಂದು ನಿಮ್ಮ ಅತ್ತೆಗೆ ತಿಳಿಸಲು ಹೇಳಿದ್ದಾರೆ.